ಜ್ವರವಿಲ್ಲದ ಹಾಲು ಜ್ವರ

ಬೆಳಗಿನ ಜಾವ ನಾಲ್ಕಕ್ಕೆ ಅಮ್ಮ ಕೊಟ್ಟಿಗೆಯ ದೀಪ ಹಾಕಿದಾಗ ಹಸು ಮಲಗಿತ್ತು. ಆದರೆ ಮಲಗಿದ ರೀತಿ ಸರಿಯಿರಲಿಲ್ಲ. ಕತ್ತನ್ನು ಹಿಂದಕ್ಕೆ ತಿರುಗಿಸಿ ಮೂತಿಯನ್ನು ತನ್ನದೇ ಪಕ್ಕೆಗೆ ಒರಗಿಸಿಕೊಂಡಿತ್ತು. ಗದರಿದರೂ ಬಾಲ ತಿರುಚಿದರೂ ಏಳಲಿಲ್ಲ. ಹಿಂದಿನ ಸಂಜೆಯಷ್ಟೇ ಕರು ಹಾಕಿ, ರಾತ್ರಿ ಬಕೆಟ್ಟು ತುಂಬ ಗಿಣ್ಣುಹಾಲು ಕೊಟ್ಟಿದ್ದ ಹಸು. ಅಮ್ಮ ಕಿವಿ ಮುಟ್ಟಿ ಗಾಬರಿಯಾದರು. ಹಸಿ ಮಣ್ಣು ಮುಟ್ಟಿದ ಹಾಗೆ ತಣ್ಣಗಿತ್ತು. ಸದಾ ಒದ್ದೆಯಾಗಿರುವ ಮೂತಿ ಒಣಗಿ ಒರಟಾಗಿತ್ತು.

ಫೋನಿನಲ್ಲಿ ಪಶುವೈದ್ಯರು ಕೇಳಿದ್ದು ಎರಡೇ ಪ್ರಶ್ನೆ. "ಕರು ಹಾಕಿ ಎಷ್ಟೊತ್ತಾಯ್ತಮ್ಮ? ಎಷ್ಟನೇ ಸೂಲು?"

"ನಿನ್ನೆ ಸಂಜೆ ಹಾಕ್ತು ಡಾಕ್ಟ್ರೇ. ನಾಕನೇ ಸೂಲು."

"ಬಾಯಿಗೆ ಏನೂ ಹುಯ್ಯಬೇಡಿ. ಬರ್ತಾ ಇದೀನಿ."

ಇದಕ್ಕೆ ಹಾಲು ಜ್ವರ ಎನ್ನುತ್ತಾರೆ. ಹೆಸರು ದಾರಿ ತಪ್ಪಿಸುವಂಥದ್ದು. ಮೈ ಬಿಸಿಯಾಗುವ ಬದಲು ತಣ್ಣಗಾಗುತ್ತದೆ. ಹೆಸರು ನಂಬಿ ಜ್ವರದ ಔಷಧಿ ಹುಡುಕುತ್ತ ಕೂತರೆ ಹಸು ಕೈಬಿಟ್ಟು ಹೋಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಿದ್ದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುತ್ತವೆ. ಸಿಕ್ಕರೆ ಬಹುಪಾಲು ಎದ್ದು ನಿಲ್ಲುತ್ತವೆ. ಹೀಗೆ ಕೆಲವೇ ಗಂಟೆಗಳಲ್ಲಿ ಇತ್ತಲೋ ಅತ್ತಲೋ ಆಗುವ ಕಾಯಿಲೆಗಳು ದನಗಳಲ್ಲಿ ಕಡಿಮೆ. ಹಾಗಾಗಿ ಒಳಗೆ ಏನಾಗುತ್ತದೆ ಎಂಬುದು ಹಸು ಕಟ್ಟಿದ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಲೆಕ್ಕದಿಂದಲೇ ಶುರು ಮಾಡೋಣ. 500 ಕಿಲೋ ತೂಗುವ ಹಸುವಿನ ಇಡೀ ರಕ್ತದಲ್ಲಿರುವ ಕ್ಯಾಲ್ಸಿಯಂ ಹೆಚ್ಚೆಂದರೆ 3 ಗ್ರಾಂ. ಒಂದು ಟೀ ಚಮಚ ಉಪ್ಪಿನಷ್ಟೂ ಇಲ್ಲ. ಗಿಣ್ಣುಹಾಲಿನಲ್ಲಾದರೋ ಲೀಟರಿಗೆ ಸುಮಾರು 2 ಗ್ರಾಂ ಇರುತ್ತದೆ. ಹತ್ತು ಲೀಟರ್ ಕರೆದರೆ 20 ಗ್ರಾಂ, ಅಂದರೆ ರಕ್ತದಲ್ಲಿರುವುದರ ಆರೇಳು ಪಟ್ಟು, ಕೆಚ್ಚಲಿನಿಂದ ಹೊರಗೆ ಹೋಯಿತು. ನಿನ್ನೆ ಮೊನ್ನೆಯವರೆಗೆ ಹಾಲು ಬತ್ತಿಸಿಕೊಂಡು ಆರಾಮಾಗಿದ್ದ ಮೈಗೆ ಒಂದೇ ರಾತ್ರಿಯಲ್ಲಿ ಬಂದ ಖರ್ಚು ಇದು.

ಕ್ಯಾಲ್ಸಿಯಂ ಎಂದರೆ ನಮಗೆ ಮೂಳೆ, ಹಲ್ಲು ನೆನಪಾಗುತ್ತವೆ. ಆದರೆ ಪ್ರತಿ ಸ್ನಾಯು ಹಿಂಡಿಕೊಳ್ಳುವುದಕ್ಕೂ ಅದು ಬೇಕು. ರಕ್ತದಲ್ಲಿ 100 ಮಿಲಿಲೀಟರಿಗೆ 9ರಿಂದ 10 ಮಿಲಿಗ್ರಾಂ ಇರಬೇಕಾದದ್ದು 5ಕ್ಕಿಂತ ಕೆಳಗಿಳಿದರೆ ಕಾಲು ಮೈಯನ್ನು ಹೊರಲಾರದು. ಹೊಟ್ಟೆ ಆಡುವುದಿಲ್ಲ, ಮೆಲುಕು ನಿಲ್ಲುತ್ತದೆ, ಗ್ಯಾಸು ತುಂಬಿ ಉಬ್ಬರ ಬರುತ್ತದೆ. ಸಗಣಿ, ಗಂಜಲ ಎರಡೂ ಕಟ್ಟುತ್ತವೆ. ಹೃದಯ ಬಲವಾಗಿ ಒತ್ತದೆ ರಕ್ತ ಕಿವಿಯ ತುದಿಯವರೆಗೆ ಹೋಗುವುದಿಲ್ಲ. ಅಮ್ಮನ ಕೈಗೆ ತಾಕಿದ ತಂಪು ಅದೇ. ನುಂಗುವ ಸ್ನಾಯುವೂ ಸೋತಿರುತ್ತದೆ. ಬಾಯಿಗೆ ಎಣ್ಣೆಯನ್ನೋ ಕಷಾಯವನ್ನೋ ಹುಯ್ದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಡಾಕ್ಟರು ಮೊದಲು ಎಚ್ಚರಿಸಿದ್ದು ಅದಕ್ಕೇ.

ಹಾಗಾದರೆ ಈ ಹಸುವಿನಲ್ಲಿ ಕ್ಯಾಲ್ಸಿಯಂ ಇರಲಿಲ್ಲವೇ? ಇತ್ತು. ಮೂಳೆಯಲ್ಲಿ ಆರೇಳು ಕಿಲೋ ಕೂತಿತ್ತು.

ಹಿಂದೆ ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೇಕೆಂದ ತಕ್ಷಣ ಅದರೊಳಗೆ ಇಳಿಯುವಂತಿರಲಿಲ್ಲ. ಬಾಯಿ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಆಮೇಲೆ ಆಳು ಇಳಿಸಬೇಕಿತ್ತು. ಮೂಳೆಯ ದಾಸ್ತಾನೂ ಹಾಗೆಯೇ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದದ್ದು ಮೊದಲು ತಿಳಿಯುವುದು ಗಂಟಲ ಬಳಿಯ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ. ಅವು ಹಾರ್ಮೋನು ಬಿಡುತ್ತವೆ. ಅದು ಮೂಳೆಗೆ ಹೋಗಿ ಕ್ಯಾಲ್ಸಿಯಂ ಬಿಡಿಸುತ್ತದೆ. ಮೂತ್ರಪಿಂಡಕ್ಕೆ ಹೋಗಿ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವ ರೂಪಕ್ಕೆ ತಿರುಗಿಸುತ್ತದೆ. ಆ ವಿಟಮಿನ್ ಡಿ ಕರುಳಿಗೆ ಬಂದ ಮೇಲೆಯೇ ಮೇವಿನ ಕ್ಯಾಲ್ಸಿಯಂ ಚೆನ್ನಾಗಿ ಒಳಗೆ ಹೀರಿಕೆಯಾಗುವುದು. ಇಷ್ಟೆಲ್ಲ ನಡೆಯಲು ಒಂದರಿಂದ ಎರಡು ದಿನ ಬೇಕು. ಕೆಚ್ಚಲು ಅಷ್ಟು ಹೊತ್ತು ಕಾಯುವುದಿಲ್ಲ. ಕರು ಹಾಕಿದ ಮೂರು ದಿನಗಳೊಳಗೇ ಹಸು ಬೀಳುವುದು ಇದರಿಂದ.

ಮೊದಲ ಸೂಲಿನ ಕಡಸು ಹೀಗೆ ಬೀಳುವುದು ತೀರ ಅಪರೂಪ. ಅದರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಕಟ್ಟುವ ಒಡೆಯುವ ಕೆಲಸ ದಿನವೂ ನಡೆದೇ ಇರುತ್ತದೆ. ಮೂರನೆಯದರಿಂದ ಮುಂದಿನ ಸೂಲುಗಳಲ್ಲಿ ಹಾಲು ಹೆಚ್ಚು, ಮೂಳೆ ನಿಧಾನ. ಜೆರ್ಸಿ ಹಸುಗಳಿಗೆ ಅಪಾಯ ಇನ್ನೂ ಹೆಚ್ಚು.

ಕಾರಣ ತಿಳಿಯುವ ಮೊದಲೇ ಚಿಕಿತ್ಸೆ ಸಿಕ್ಕ ಕಾಯಿಲೆ ಇದು. 1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಊರಿನ ಪಶುವೈದ್ಯ ಶ್ಮಿಟ್, ರೋಗದ ವಿಷ ಕೆಚ್ಚಲಿನಲ್ಲೇ ಹುಟ್ಟುತ್ತದೆಂದು ಭಾವಿಸಿ ಮೊಲೆತೊಟ್ಟಿನ ಮೂಲಕ ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಏರಿಸಿದ. ಹಸುಗಳು ಎದ್ದವು. ಕೆಲವೇ ವರ್ಷಗಳಲ್ಲಿ ಔಷಧಿಯೇ ಬೇಡ, ಕೆಚ್ಚಲಿಗೆ ಬರೀ ಗಾಳಿ ಹೊಡೆದರೂ ಸಾಕೆಂದು ಗೊತ್ತಾಯಿತು. ವಿಷದ ಊಹೆ ತಪ್ಪಾಗಿದ್ದರೂ ಫಲ ನಿಜವಾಗಿತ್ತು: ಒತ್ತಡ ಹೆಚ್ಚಿ ಕೆಚ್ಚಲು ಹಾಲು ಇಳಿಸುವುದನ್ನು ನಿಲ್ಲಿಸಿದರೆ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಕೊರತೆಯೇ ಕಾರಣವಿರಬೇಕೆಂಬ ವಾದವನ್ನು 1925ರಲ್ಲಿ ಮುಂದಿಟ್ಟವರು ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್. ಹೊಸದಾಗಿ ಈದ ಹಸುವಿನ ಕೆಚ್ಚಲನ್ನು ಒಮ್ಮೆಲೇ ಬರಿದು ಮಾಡಬಾರದು, ಕರುವಿಗೆ ಬೇಕಾದಷ್ಟು ಕರೆದು ಸ್ವಲ್ಪ ಬಿಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತಿನ ಹಿಂದೆಯೂ ಇದೇ ವಿವೇಕ ಕಾಣುತ್ತದೆ.

ಡಾಕ್ಟರು ಬರುವಷ್ಟರಲ್ಲಿ ನಾವು ಹುಲ್ಲು ತುಂಬಿದ ಗೋಣಿಚೀಲಗಳನ್ನು ಎರಡೂ ಪಕ್ಕೆಗೆ ಒತ್ತಿಟ್ಟು ಹಸುವನ್ನು ಎದೆಯ ಮೇಲೆ ಕೂರಿಸಿದ್ದೆವು. ಅಡ್ಡ ಮಲಗಲು ಬಿಟ್ಟರೆ ಉಬ್ಬರದಿಂದಲೇ ಉಸಿರು ಕಟ್ಟುತ್ತದೆ. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ ಅಡಿಯ ಕಾಲಿನ ಸ್ನಾಯು ಜಜ್ಜಿಹೋಗಿ, ಕ್ಯಾಲ್ಸಿಯಂ ಸರಿಹೋದ ಮೇಲೂ ಹಸು ಏಳದಂತಾಗಬಹುದು. ಅವರು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತಂದು, ಕತ್ತಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಟ್ಟರು. ಒಂದು ಕೈಯಲ್ಲಿ ಬಾಟಲಿ, ಕಿವಿಯಲ್ಲಿ ಸ್ಟೆತಾಸ್ಕೋಪು. ಬೇಗ ಬಿಟ್ಟರೆ ಹೃದಯ ನಿಂತೇ ಹೋಗುವುದರಿಂದ ಈ ಕೆಲಸಕ್ಕೆ ಬೇರೆ ಯಾರೂ ಕೈ ಹಾಕಬಾರದು.

ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಪಕ್ಕೆಯ ಚರ್ಮ ಅದುರತೊಡಗಿತು. ಹಸು ಒಂದು ದೊಡ್ಡ ತೇಗು ತೇಗಿತು. ಒಣಗಿದ್ದ ಮೂತಿಯ ಮೇಲೆ ಸಾಸಿವೆ ಕಾಳಿನಷ್ಟು ನೀರಿನ ಹನಿಗಳು ಒಂದೊಂದಾಗಿ ಮೂಡಿದವು. ಸಗಣಿ ಹಾಕಿತು. ಇಪ್ಪತ್ತು ನಿಮಿಷಕ್ಕೆ ಹಿಂಗಾಲು ಎತ್ತಿ ತೂರಾಡುತ್ತ ನಿಂತು ಕರುವಿನ ಕಡೆ ತಿರುಗಿತು.

ಸೂಜಿ ತೆಗೆಯುತ್ತ ಡಾಕ್ಟರು ಕೇಳಿದರು. "ಗಬ್ಬದಲ್ಲಿ ಏನೇನು ಕೊಟ್ರಮ್ಮ?"

ಅಮ್ಮ ಹೆಮ್ಮೆಯಿಂದಲೇ ಹೇಳಿದರು. ಕೊನೆಯ ಒಂದು ತಿಂಗಳು ದಿನವೂ ಕ್ಯಾಲ್ಸಿಯಂ ಟಾನಿಕ್ಕು, ಜೊತೆಗೆ ಹೊಟ್ಟೆ ತುಂಬ ಹಸಿ ನೇಪಿಯರ್ ಹುಲ್ಲು. ಹಸು ಬಿದ್ದದ್ದರಲ್ಲಿ ಆ ಎರಡಕ್ಕೂ ಪಾಲಿತ್ತು.

ಇದನ್ನು ಒಪ್ಪಿಕೊಳ್ಳುವುದು ನನಗೂ ಕಷ್ಟವಾಯಿತು. ಆದರೆ 1954ರಲ್ಲೇ ಅಮೆರಿಕದ ಬೋಡಾ ಮತ್ತು ಕೋಲ್, ಈಯುವ ಮೊದಲು ಕ್ಯಾಲ್ಸಿಯಂ ಕಡಿಮೆ ತಿಂದ ಹಸುಗಳಿಗೆ ಹಾಲು ಜ್ವರ ಬರುವುದು ಕಡಿಮೆ ಎಂದು ತೋರಿಸಿದ್ದರು. ಮೇಲಿನಿಂದ ಧಾರಾಳವಾಗಿ ಸುರಿಯುತ್ತಿದ್ದರೆ ಗ್ರಂಥಿಗಳಿಗೆ ಕೆಲಸವಿಲ್ಲ, ಹಗೇವಿನ ಬಾಯಿ ಮುಚ್ಚಿಯೇ ಇರುತ್ತದೆ.

ನೇಪಿಯರಿನ ಪಾಲು ಇನ್ನೂ ಸೂಕ್ಷ್ಮವಾದದ್ದು. 1960ರ ದಶಕದಲ್ಲಿ ನಾರ್ವೆಯ ಎಂಡರ್, ಡಿಶಿಂಗ್ಟನ್ ಮತ್ತು ಸಂಗಡಿಗರು ಆಮ್ಲ ಸೇರಿಸಿ ಕೆಡದಂತೆ ಇಟ್ಟ ರಸಮೇವು ತಿಂದ ಹಸುಗಳು ಹಾಲು ಜ್ವರದಿಂದ ಪಾರಾಗುವುದನ್ನು ಗಮನಿಸಿದರು. ಆ ಮೇವಿನ ವಿಧಾನ ಕಂಡುಹಿಡಿದ ಫಿನ್ಲೆಂಡಿನ ವಿರ್ಟಾನೆನ್‌ಗೆ 1945ರ ನೊಬೆಲ್ ಬಂದಿತ್ತು. 1984ರಲ್ಲಿ ಕೆನಡಾದ ಎಲಿಯಟ್ ಬ್ಲಾಕ್ ಪರೀಕ್ಷಿಸಿ ನೋಡಿದಾಗ ಸೋಡಿಯಂ, ಪೊಟ್ಯಾಸಿಯಂ ಮೇಲುಗೈಯಾದ ಆಹಾರ ತಿಂದ ಹಸುಗಳಲ್ಲಿ ಹತ್ತಿರ ಹತ್ತಿರ ಅರ್ಧ ಬಿದ್ದವು; ಕ್ಲೋರೈಡ್, ಸಲ್ಫೇಟ್ ಮೇಲುಗೈಯಾದದ್ದನ್ನು ತಿಂದವುಗಳಲ್ಲಿ ಒಂದೂ ಬೀಳಲಿಲ್ಲ. ಪೊಟ್ಯಾಸಿಯಂ ಹೆಚ್ಚಾದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಗ್ರಂಥಿ ಬಿಟ್ಟ ಹಾರ್ಮೋನು ಮೂಳೆಗೂ ಮೂತ್ರಪಿಂಡಕ್ಕೂ ಸರಿಯಾಗಿ ಅಂಟುವುದಿಲ್ಲ. ಮೆಗ್ನೀಸಿಯಂ ಕಡಿಮೆಯಾದರೂ ಇದೇ ತೊಂದರೆ. ನಮ್ಮ ನೇಪಿಯರ್ ತಾಕು ಇರುವುದು ಕೊಟ್ಟಿಗೆಯ ಹಿಂದೆ, ಗಂಜಲದ ನೀರೆಲ್ಲ ಅಲ್ಲಿಗೇ ಹರಿಯುತ್ತದೆ. ಗಂಜಲದಲ್ಲಿ ಪೊಟ್ಯಾಸಿಯಂ ಹೇರಳ, ಹುಲ್ಲು ಅದನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೀರಿಕೊಳ್ಳುತ್ತದೆ.

ಕೊನೆಯ ಮೂರು ವಾರ ಮಾಡಬೇಕಾದದ್ದು ಇಷ್ಟು. ಕ್ಯಾಲ್ಸಿಯಂ ಟಾನಿಕ್ಕು ನಿಲ್ಲಿಸಿ. ಗಂಜಲ ಹರಿದ ನೇಪಿಯರ್ ಮತ್ತು ಕುದುರೆ ಮೆಂತೆ ಕಡಿಮೆ ಮಾಡಿ, ಸಿಕ್ಕಷ್ಟು ಮುಸುಕಿನ ಜೋಳದ ಮೇವು ಹಾಕಿ. ಅಡಿಗೆ ಸೋಡಾ ಬೇಡ, ಅದೂ ಕ್ಷಾರವೇ. ಹಿಂದೆ ಒಮ್ಮೆ ಬಿದ್ದಿದ್ದ ಹಸುವಾದರೆ ಮೆಗ್ನೀಸಿಯಂ ಸಲ್ಫೇಟ್, ಅಮೋನಿಯಂ ಕ್ಲೋರೈಡಿನಂಥ ಲವಣಗಳನ್ನು ವೈದ್ಯರು ಅಳತೆ ಹೇಳಿ ಕೊಡುತ್ತಾರೆ. ಕಹಿಯಾದ್ದರಿಂದ ಹಸು ಹಿಂಡಿ ಬಿಡದಂತೆ ನೋಡಿಕೊಳ್ಳಬೇಕು. ಲವಣ ಕೆಲಸ ಮಾಡುತ್ತಿದೆಯೇ ಎಂಬುದು ಗಂಜಲದಲ್ಲೇ ಗೊತ್ತಾಗುತ್ತದೆ: ಪಿಎಚ್ ಕಾಗದದಲ್ಲಿ ಸಾಮಾನ್ಯವಾಗಿ 8ರ ಆಸುಪಾಸು ತೋರುವುದು 6ರಿಂದ 7ರ ನಡುವೆ ಇಳಿದಿರಬೇಕು.

ಕರು ಬಿದ್ದ ಗಳಿಗೆಯಿಂದ ಲೆಕ್ಕ ತಿರುಗುತ್ತದೆ. ಎದ್ದು ನಿಂತ ಹಸುವಿಗೆ ಅವತ್ತೇ ಬಾಯಿಗೆ ಕ್ಯಾಲ್ಸಿಯಂ ಜೆಲ್ ಕೊಡಬಹುದು, ಮರುದಿನ ಇನ್ನೊಮ್ಮೆ. ಆಮೇಲೆ ದಿನವೂ 50 ಗ್ರಾಂ ಖನಿಜ ಮಿಶ್ರಣ. ಯಾವ ಸೀಮೆಯ ಮಣ್ಣಿನಲ್ಲಿ, ಮೇವಿನಲ್ಲಿ ಯಾವ ಖನಿಜ ಕಡಿಮೆಯೋ ಅದನ್ನೇ ಹೆಚ್ಚಿಸಿ ಮಿಶ್ರಣ ಮಾಡುವ ಕೆಲಸವನ್ನು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಮಾಡಿದೆ. ನಿಮ್ಮ ಜಿಲ್ಲೆಗೆ ಯಾವುದು ಹೊಂದುತ್ತದೆಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಬೀಳದ ಹಸುವೂ ಪಾರಾಯಿತು ಎನ್ನುವಂತಿಲ್ಲ. ಅಮೆರಿಕದ ಡೇರಿಗಳಲ್ಲಿ ರಕ್ತ ಪರೀಕ್ಷಿಸಿದಾಗ, ಹಲವು ಸೂಲು ಕಂಡ ಹಸುಗಳಲ್ಲಿ ಸುಮಾರು ಅರ್ಧಕ್ಕೆ ಈದ ಹೊಸತರಲ್ಲಿ ಕ್ಯಾಲ್ಸಿಯಂ ಕಡಿಮೆಯಿತ್ತು. ನಿಂತೇ ಇದ್ದವು, ಮೇಯುತ್ತಲೇ ಇದ್ದವು. ಸತ್ತೆ ಬೀಳದಿರುವುದು, ಕೆಚ್ಚಲು ಬಾವು, ಮೇವು ಬಿಡುವುದು ಇವುಗಳಿಗೆ ಇಂಥ ಹಸುಗಳು ಬೇಗ ಈಡಾಗುತ್ತವೆ.

ಕೊನೆಯ ಮೂರು ವಾರ ಯಾವಾಗ ಶುರುವಾಗುತ್ತದೆಂದು ತಿಳಿಯಬೇಕಾದರೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸಿದ ದಿನ ಬರೆದಿಟ್ಟಿರಬೇಕು. ಹಸುವಿನ ಗಬ್ಬ ಸುಮಾರು 280 ದಿನ. ಅದೇ ಹಸು ಐದನೇ ಸೂಲಿಗೆ ಗಬ್ಬವಾದಾಗ ಅಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ 259ನೇ ದಿನಕ್ಕೆ ಕುಂಕುಮ ಹಚ್ಚಿ, ಅಂದು ಬೆಳಿಗ್ಗೆ ಟಾನಿಕ್ಕಿನ ಕ್ಯಾನನ್ನು ಅಟ್ಟಕ್ಕೆ ಏರಿಸಿದರು.