ಮುಖದ ಕೆಳಗೆ ಎರಡು ಅಕ್ಷರ

ಮಕ್ಕಳೇ, ನಿಮ್ಮ ಅಜ್ಜಿಯ ಹಳೆಯ ಡಬ್ಬಿಯಲ್ಲಿ ವಿಕ್ಟೋರಿಯಾ ರೂಪಾಯಿ ಇದ್ದರೆ ಒಮ್ಮೆ ಕೇಳಿ ನೋಡಿ. ಬೆಳ್ಳಿಯದು, ಜೋಪಾನ! ಅದರ ಮೇಲೆ ಕಿರೀಟ ತೊಟ್ಟ ತರುಣಿಯ ಮುಖವಿರುತ್ತದೆ. ರಾಣಿ ವಿಕ್ಟೋರಿಯಾ ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಆದರೆ ನಮ್ಮ ರೂಪಾಯಿಯ ಮೇಲೆ ಆಕೆಗೆ ಕೊನೆಯವರೆಗೂ ವಯಸ್ಸೇ ಆಗಲಿಲ್ಲ.

ಇಂಗ್ಲೆಂಡಿನ ನಾಣ್ಯಗಳಲ್ಲಿ ಹಾಗಲ್ಲ. 1893ರಲ್ಲಿ ಅಲ್ಲಿ ಹೊಸ ಮುಖ ಬಂತು: ತಲೆಯ ಮೇಲೆ ಪುಟ್ಟ ಕಿರೀಟ, ಮುಸುಕು, ವಯಸ್ಸಾದ ಕೆನ್ನೆ. ಅದನ್ನು ರೂಪಿಸಿದವರು ಶಿಲ್ಪಿ ಥಾಮಸ್ ಬ್ರಾಕ್. ಇಂಥ ಮುಖವನ್ನು ಮೊದಲು ದೊಡ್ಡದಾಗಿ ಮಾಡಿ, ಆಮೇಲೆ ಯಂತ್ರದಿಂದ ಚಿಕ್ಕದಾಗಿಸಿ, ಉಕ್ಕಿನ ಅಚ್ಚಿಗೆ ಇಳಿಸುತ್ತಾರೆ. ಬ್ರಾಕ್ ರಾಣಿಯ ಚಿತ್ರದ ಕೆಳಗೆ ಎರಡೇ ಅಕ್ಷರ ಬಿಟ್ಟರು: ಟಿ.ಬಿ. ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುತ್ತದೆ.

ಇದೇ ಬ್ರಾಕ್ ಮಾಡಿದ ರಾಣಿ ನಮ್ಮ ಬೆಂಗಳೂರಿನಲ್ಲೂ ಇದ್ದಾಳೆ. ನಮ್ಮ ಸಿಂಗಾಪುರದಿಂದ (ವಿಮಾನ ಹತ್ತುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ) ಬಸ್ಸು ಹತ್ತಿ ಹೋದರೆ, ಕಬ್ಬನ್ ಪಾರ್ಕಿನ ಮೂಲೆಯಲ್ಲಿ ಅಮೃತಶಿಲೆಯ ವಿಕ್ಟೋರಿಯಾ ನಿಂತಿದ್ದಾಳೆ. 1906ರ ಫೆಬ್ರವರಿಯಲ್ಲಿ ಅದನ್ನು ಅನಾವರಣ ಮಾಡಿದವರು ಆಕೆಯ ಮೊಮ್ಮಗ, ಆಗಿನ ವೇಲ್ಸ್ ರಾಜಕುಮಾರ. ಐದು ವರ್ಷದ ಮೇಲೆ, 1911ರಲ್ಲಿ, ಆತನೇ ಐದನೇ ಜಾರ್ಜ್ ದೊರೆಯಾಗಿ ಲಂಡನ್ನಿನಲ್ಲಿ ಬ್ರಾಕ್ ಮಾಡಿದ ಇನ್ನೊಂದು ದೊಡ್ಡ ವಿಕ್ಟೋರಿಯಾ ಸ್ಮಾರಕವನ್ನು ತೆರೆದು, ಶಿಲ್ಪಿಗೆ 'ಸರ್' ಪದವಿ ಕೊಟ್ಟರು.

"ನಮ್ಮನ್ನು ಆಳಿದ ರಾಣಿಯ ಮುಖ ನಮಗೇಕೆ? ನಮ್ಮವರ ಮುಖ ಯಾರೂ ಕೆತ್ತಲಿಲ್ಲವಾ?" ಎಂದು ನನ್ನ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಹೆಬ್ಬಾಳದಲ್ಲೇ ಇದೆ. ಅಲ್ಲಿನ ವೀರಗಲ್ಲು ಕ್ರಿ.ಶ. 750ರ ಸುಮಾರಿನದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಹೋರಾಡಿ ಮಡಿದ ಕಿತ್ತಯ್ಯನ ಚಿತ್ರವೂ, ಅವನ ಹೆಸರು ಹೇಳುವ ಹಳಗನ್ನಡದ ಸಾಲುಗಳೂ ಒಂದೇ ಕಲ್ಲಿನಲ್ಲಿವೆ. ಮನೆಗಳ ನಡುವೆ ಮರೆಯಾಗಿದ್ದ ಈ ಕಲ್ಲನ್ನು ಕೆಲವು ವರ್ಷಗಳ ಹಿಂದೆ ಊರಿನವರೂ ಶಾಸನಾಸಕ್ತರೂ ಸೇರಿ ಉಳಿಸಿಕೊಂಡರು. ಕಿತ್ತಯ್ಯ ರಾಜನಲ್ಲ. ಆದರೂ ಸಾವಿರದ ಇನ್ನೂರು ವರ್ಷ ದಾಟಿ ಅವನ ಹೆಸರು ನಮ್ಮ ಬಾಯಲ್ಲಿದೆ. ಯಾರೋ ಪುಣ್ಯಾತ್ಮರು ಚಿತ್ರದ ಜೊತೆ ಅಕ್ಷರವನ್ನೂ ಕೊರೆದರಲ್ಲ, ಅದಕ್ಕೆ.

ಈ ಮಾತು ನನಗೆ ನಾಟಿದ್ದು ನಮ್ಮ ಮನೆಯ ಫೋಟೋ ಡಬ್ಬಿ ತೆರೆದಾಗ. ಮದುವೆಯ ಗುಂಪು ಫೋಟೋದಲ್ಲಿ ಇಪ್ಪತ್ತಮೂರು ಜನ. ಹೆಸರು ಹೇಳಬಲ್ಲವರು ಈಗ ಒಬ್ಬರೇ, ಎಂಬತ್ತೊಂಬತ್ತು ವರ್ಷದ ನನ್ನ ದೊಡ್ಡಕ್ಕ. ಅವಳೂ ನಾಲ್ವರ ಮೇಲೆ ಬೆರಳಿಟ್ಟು ಸುಮ್ಮನಾದಳು. ಆ ನಾಲ್ಕು ಮುಖಗಳು ಚೆನ್ನಾಗಿಯೇ ಉಳಿದಿವೆ, ಹೆಸರುಗಳು ಹೋಗಿಬಿಟ್ಟಿವೆ. ಉಳಿದ ಹತ್ತೊಂಬತ್ತನ್ನು ಅವತ್ತೇ ಬರೆದಿಟ್ಟೆವು.

ಸರ್ಕಾರದ ಹಳೆಯ ಕಾಗದ ಕಾಯಲು ಪತ್ರಾಗಾರವಿದೆ. ಮನೆಯ ಕಾಗದ ಕಾಯುವವರು ನಾವೇ. ಮಕ್ಕಳೇ, ಈ ಭಾನುವಾರ ತಾತ-ಅಜ್ಜಿಯ ಪಕ್ಕ ಕುಳಿತು ಹೀಗೆ ಮಾಡಿ:

ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹೆಸರು, ಸಂಬಂಧ, ಊರು, ವರ್ಷ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಹರಡೀತು.

ಹಳೆಯ ಕಾಗದಗಳಿಗೆ ಪಿನ್ನು ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಅಂಟುಪಟ್ಟಿ, ಲ್ಯಾಮಿನೇಷನ್ನೂ ಬೇಡ.

ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ಮುಖ ಕಾಗದಕ್ಕೆ ಇಳಿಯುತ್ತದೆ. ಆ ನಾಣ್ಯ ಯಾರದು, ಮನೆಗೆ ಹೇಗೆ ಬಂತು ಎಂದು ಕೆಳಗೆ ಬರೆಯಿರಿ.

ಕೊನೆಗೆ, ಬ್ರಾಕ್ ಅವರ ಹಾಗೆ, ಮೂಲೆಯಲ್ಲಿ ನಿಮ್ಮದೂ ಎರಡು ಅಕ್ಷರ ಇರಲಿ. ಬರೆದಿಟ್ಟವರು ಯಾರೆಂದು ಮುಂದೆ ನಿಮ್ಮ ಮೊಮ್ಮಕ್ಕಳು ಕೇಳುತ್ತಾರೆ.