ಚರಗ ಚೆಲ್ಲಿದಂತೆ ಬಿತ್ತಿದವನು

ನರಗುಂದದ ಯರಿ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಕಾಳೂ ಸುಮ್ಮನೆ ಬೀಳುವುದಿಲ್ಲ. ಎತ್ತು ಕೂರಿಗೆ ಎಳೆಯುತ್ತವೆ. ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸು ಬೆರಳ ಸಂದಿಯಿಂದ ಬಟ್ಟಲಿಗೆ ಕಾಳು ಬಿಡುತ್ತ ನಡೆಯುತ್ತಾಳೆ. ಬಿದಿರ ಕೊಳವೆಯಲ್ಲಿ ಇಳಿದದ್ದು ಹಸಿ ಮಣ್ಣನ್ನೇ ಸೇರಬೇಕು. ಕೈ ಜೋರಾದರೆ ಬೆಳೆ ಒತ್ತೊತ್ತಾಗುತ್ತದೆ, ಮೈಮರೆತರೆ ಸಾಲು ಬೋಳಾಗುತ್ತದೆ. ಎಂಟು ದಿನ ಕಳೆದರೆ ಸಾಕು, ಯಾರ ಕೈ ಎಲ್ಲಿ ತಪ್ಪಿತೆಂಬುದು ದಾರಿಹೋಕರಿಗೂ ಕಾಣುತ್ತದೆ.

ಇಂಥ ಹೊಲದವರಿಗೆ ಸುವಾರ್ತೆಯಲ್ಲಿ ಬರುವ ಬಿತ್ತುವವನ ಸಾಮ್ಯ ಓದಿ ಹೇಳಿದರೆ ಮೊದಲು ಹುಟ್ಟುವುದು ಭಕ್ತಿಯಲ್ಲ, ತಕರಾರು. ಬೀಜ ತೆಗೆದುಕೊಂಡು ಹೋದವನು ಒಂದಿಷ್ಟು ದಾರಿ ಮೇಲೆ ಚೆಲ್ಲಿದ, ಅದು ಹಕ್ಕಿಯ ಪಾಲಾಯಿತು. ಒಂದಿಷ್ಟು ಕಲ್ಲುನೆಲಕ್ಕೆ ಬಿದ್ದು ಬಿಸಿಲಿಗೆ ಬಾಡಿತು. ಒಂದಿಷ್ಟು ಮುಳ್ಳಿನಲ್ಲಿ ಸಿಕ್ಕು ಉಸಿರುಗಟ್ಟಿತು. ಉಳಿದದ್ದಷ್ಟೇ ಒಳ್ಳೆಯ ಮಣ್ಣಿಗೆ ಬಿದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಬೆಳೆಯಿತು. ಇವನೆಂಥಾ ಒಕ್ಕಲಿಗ? ಬೀಜದ ರೇಟು ಇವನಿಗೆ ಗೊತ್ತಿಲ್ಲವೇ? ಯೇಸುವಿನ ನಾಡಿನಲ್ಲಿ ಕೈಯಿಂದ ಎರಚಿ ಬಿತ್ತುವ ಪದ್ಧತಿ ಇತ್ತು ಎಂದು ಪಂಡಿತರು ಸಮಾಧಾನ ಹೇಳುತ್ತಾರೆ. ಆದರೂ ಕೂರಿಗೆ ಕಂಡ ಕಣ್ಣಿಗೆ ಆ ಸಮಾಧಾನ ಸಾಲದು.

ನನಗೆ ಈ ಕಥೆ ಬಿಡಿಸಿಕೊಂಡದ್ದು ಎಳ್ಳಮವಾಸ್ಯೆಯ ಚರಗದಿಂದ. ಅದೇ ರೈತ, ಬಿತ್ತುವಾಗ ಕಾಳು ಎಣಿಸಿದವನು, ಆ ದಿನ ಬುಟ್ಟಿಯಲ್ಲಿ ಕಡುಬು, ಸಜ್ಜಿ ರೊಟ್ಟಿ, ಪಲ್ಯ ತುಂಬಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾನೆ. ಹಕ್ಕಿ ತಿಂದೀತೋ, ಇರುವೆ ಎಳೆದೀತೋ ಎಂದು ಕೇಳುವುದಿಲ್ಲ. ಬದುವಿನ ಮುಳ್ಳಿನ ಮೇಲೆ ಬಿದ್ದದ್ದಕ್ಕೂ ಬೇಸರವಿಲ್ಲ. ಸುವಾರ್ತೆಯ ಬಿತ್ತುವವನ ಕೈ ಕೂರಿಗೆಯದಲ್ಲ, ಚರಗದ್ದು. ದಾರಿಗೂ ಕಲ್ಲಿಗೂ ಒಂದು ಹಿಡಿ ಕೊಟ್ಟು ನೋಡುವವನು ಅವನು. ಕಲ್ಲುನೆಲ ತನ್ನದೇ ಎಂದುಕೊಂಡು ಕುಗ್ಗಿ ಕೂತವರಿಗೆ ಇದಕ್ಕಿಂತ ದೊಡ್ಡ ಧೈರ್ಯದ ಮಾತು ಬೇರೆ ಯಾವುದಿದೆಯೋ ನಾನರಿಯೆ.

ನಾನು ಕ್ರೈಸ್ತನಲ್ಲ. ಸುವಾರ್ತೆ ಓದಿದ್ದು ಆಸ್ಪತ್ರೆಯಲ್ಲಿ ತಂದೆಯ ಮಂಚದ ಪಕ್ಕ ರಾತ್ರಿ ಕಾಯುವಾಗ, ಅಲ್ಲಿದ್ದ ಅಂಗೈಯಗಲದ ಹೊಸ ಒಡಂಬಡಿಕೆಯಲ್ಲಿ. ಹೊಸ ವರ್ಷಕ್ಕೆ ಚರ್ಚಿನಲ್ಲಿ ವಾಗ್ದಾನದ ವಚನದ ಕಾರ್ಡು ಹಂಚುತ್ತಾರೆ. ಗೆಳೆಯರ ಮನೆಯ ಗೋಡೆಗಳಲ್ಲಿ ನೋಡಿದ್ದೇನೆ, ಗೌರವವೂ ಇದೆ. ಆದರೆ ಒಂದೊಂದು ಸಾಲು ಕತ್ತರಿಸಿ ತೂಗುಹಾಕಿದರೆ ಕಥೆಯೊಳಗಿನ ಮಣ್ಣು ಉದುರಿಹೋಗುತ್ತದೆ ಅನ್ನಿಸುತ್ತದೆ. ಧೈರ್ಯ ಇರುವುದು ಆ ಮಣ್ಣಿನಲ್ಲೇ.

ಈ ಕಥೆಗಳು ನಮ್ಮ ಕಡೆ ಬಂದು ಹತ್ತಿರ ಹತ್ತಿರ ಇನ್ನೂರು ವರ್ಷ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಬೆಟಗೇರಿ ಎಂದರೆ ನಮ್ಮ ರೋಣಕ್ಕೆ ಒಂದು ಬಸ್ಸಿನ ದಾರಿ. ಗದಗಿನ ಹತ್ತಿರದ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನೂ ಕಟ್ಟಹೋದರು, ಅದು ಎಣಿಸಿದಂತೆ ಏಳಲಿಲ್ಲ. ಕಲ್ಲುನೆಲಕ್ಕೆ ಬಿದ್ದ ಪಾಲು ಅಂದುಕೊಳ್ಳಬೇಕು. 1853ರಲ್ಲಿ ಬಂದ ಕಿಟೆಲ್ ಮಾತ್ರ ಒಂದು ಗುಟ್ಟು ಹಿಡಿದರು: ಈ ಜನಕ್ಕೆ ಕಥೆ ತಲುಪಬೇಕಾದರೆ ಅವರದೇ ಲಯದಲ್ಲಿ ಹೇಳಬೇಕು. 1894ರ ನಿಘಂಟಿಗೆ ಮೂರು ದಶಕ ಮೊದಲೇ, 1862ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ನಿಘಂಟಿನ ಕಿಟೆಲ್ ಎಲ್ಲರಿಗೂ ಗೊತ್ತು, ಕಥೆ ಹೇಳಿದ ಕಿಟೆಲ್‌ನನ್ನು ಮರೆತಿದ್ದೇವೆ.

ಲೆಕ್ಕ ತಪ್ಪುವ ಕಥೆ ಬಿತ್ತನೆಯದೊಂದೇ ಅಲ್ಲ. ಕಳೆದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೋದವನ ಕಥೆಯನ್ನು ನಮ್ಮ ಕುರಿಗಾರರಿಗೆ ಹೇಳಿ ನೋಡಿ. ತೋಳ ತಿರುಗುವ ಈ ಸೀಮೆಯಲ್ಲಿ ಅದು ಎಷ್ಟು ದೊಡ್ಡ ಜೂಜು ಎಂಬುದು ಅವರಿಗೆ ಯಾವ ಬೋಧಕನಿಗಿಂತ ಚೆನ್ನಾಗಿ ಗೊತ್ತು.

ನರಗುಂದದಲ್ಲಿ ಓದುವಾಗ ತೊಡಕಾಗುವ ಪಾತ್ರ ಇನ್ನೊಂದಿದೆ, ಸುಂಕದವನು. ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದು ಗಾದೆ ಕಟ್ಟಿದವರು ನಾವು. ಮಲಪ್ರಭೆಯ ನೀರು ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂತೆಂದು ಸಿಡಿದ ಊರು ಇದು. 1980ರ ಜುಲೈ 21ರ ಗೋಲಿಬಾರು, ಬಿದ್ದ ಹೆಣ ಯಾರೂ ಮರೆತಿಲ್ಲ, ಪ್ರತಿ ವರ್ಷ ಆ ದಿನ ಹುತಾತ್ಮ ರೈತರಿಗೆ ಹೂ ಏರುತ್ತದೆ. ಅಂಥ ಊರಿನಲ್ಲಿ ಯೇಸು ಸುಂಕದ ಕಟ್ಟೆಯಲ್ಲಿ ಕೂತಿದ್ದ ಮತ್ತಾಯನನ್ನು ಕರೆದ, ಸುಂಕದವರ ಮುಖಂಡ ಜಕ್ಕಾಯನ ಮನೆಗೆ ತಾನಾಗಿ ಹೋಗಿ ಉಳಿದ ಎಂದರೆ ಯಾರಿಗೆ ಹಿತವಾದೀತು? ಜೆರಿಕೋದ ಜನಕ್ಕೂ ಆಗಲಿಲ್ಲ, ಗೊಣಗಿದರು. ಆದರೆ ಲೂಕನ ಸುವಾರ್ತೆಯನ್ನು ಮುಂದೆ ಓದಬೇಕು. ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ. ಕರುಣೆ ಒಳಗೆ ಬಂದ ಮನೆಯಿಂದ ರೊಕ್ಕ ಹೊರಗೆ ಬಂತು. ಈ ಎರಡನೆಯ ಅರ್ಧವನ್ನು ಪ್ರಸಂಗಗಳಲ್ಲಿ ಯಾಕೋ ಮೆಲ್ಲಗೆ ಹೇಳಿ ದಾಟುತ್ತಾರೆ. ನರಗುಂದದವರು ಅಲ್ಲೇ ನಿಲ್ಲಬೇಕು.

ಇದೇ ಸೀಮೆಯ ಗಜೇಂದ್ರಗಡ ಮಗ್ಗದ ಊರು. ಇಲ್ಲಿನ ಪಟ್ಟೇದ ಅಂಚಿನ ಸೀರೆ ಹೆಸರಾದದ್ದು. ಲಾಳಿ ಸಾವಿರ ಸಲ ಆಚೀಚೆ ಓಡಿದರೆ ಸೆರಗಿನ ಒಂದು ಭಾಗ, ಕೈಗೆ ಬರುವ ಮಜೂರಿ ಎಷ್ಟೆಂದು ಕೇಳಬಾರದು. ಈ ಓಣಿಯಲ್ಲಿ ಓದಬೇಕಾದದ್ದು ಯೋಹಾನನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯ. ಶಿಲುಬೆಯ ಕೆಳಗೆ ಸಿಪಾಯಿಗಳು ಯೇಸುವಿನ ಬಟ್ಟೆಗಳನ್ನು ನಾಲ್ಕು ಪಾಲು ಮಾಡುತ್ತಾರೆ, ತಲೆಗೊಂದು. ಒಳಂಗಿಯ ಸರದಿ ಬಂದಾಗ ಕೈ ತಡೆಯುತ್ತದೆ. ಅದು ಹೊಲಿಗೆ ಇಲ್ಲದ್ದು, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ. ಹರಿಯುವುದು ಬೇಡ, ಚೀಟಿ ಹಾಕೋಣ ಅಂದರು. ಮನುಷ್ಯನಿಗೆ ಮೊಳೆ ಹೊಡೆಯಲು ಹಿಂಜರಿಯದ ಕೈಗಳು ನೇಕಾರನ ಕಸುಬಿನ ಮುಂದೆ ಹಿಂಜರಿದವು. ಯಾರು ನೇಯ್ದದ್ದು ಎಂದು ಯೋಹಾನ ಹೇಳಿಲ್ಲ. ಹೆಸರಿಲ್ಲದ ಆ ಕೈಕೆಲಸ ಮಾತ್ರ ಎರಡು ಸಾವಿರ ವರ್ಷವಾದರೂ ಹರಿಯದೆ ಉಳಿದಿದೆ.

ರೋಣದ ಕಡೆ ಹೆಸರು ಬಿಡಿಸುವ ಕಾಲದಲ್ಲಿ ನಸುಕಿನಲ್ಲೇ ಟಂಟಂಗಳು ಹೊರಡುತ್ತವೆ, ಒಂದರೊಳಗೆ ಒಬ್ಬರ ಮೇಲೊಬ್ಬರಂತೆ ಹೆಂಗಸರು. ಕೆಲಸ ಮುಗಿದ ಮೇಲೆ ಗಂಡಸರು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿ ಯಾವುದೋ ಪೇಟೆಯ ಮೂಲೆಯಲ್ಲಿ ಬುತ್ತಿ ಹಿಡಿದು ನಿಲ್ಲುತ್ತಾರೆ. ಮೇಸ್ತ್ರಿ ಬಂದು ತೋಳು ನೋಡಿ ಆರಿಸುತ್ತಾನೆ. ಹರೆಯದವರು ಮೊದಲು ಹೋಗುತ್ತಾರೆ. ಹತ್ತು ಗಂಟೆಯ ಮೇಲೆ ಉಳಿದವರು ವಯಸ್ಸಾದವರು, ಕೆಮ್ಮುವವರು.

ಮತ್ತಾಯನ ಸುವಾರ್ತೆಯ ದ್ರಾಕ್ಷಿ ತೋಟದ ಯಜಮಾನ ಇಂಥದೇ ಪೇಟೆಗೆ ಬೆಳಿಗ್ಗೆ ಬಂದು ದಿನಕ್ಕೊಂದು ಪಾವಲಿ ಎಂದು ಮಾತಾಡಿ ಆಳುಗಳನ್ನು ಕರೆದೊಯ್ಯುತ್ತಾನೆ. ಒಂಬತ್ತಕ್ಕೆ ಮತ್ತೆ ಬರುತ್ತಾನೆ, ಮಧ್ಯಾಹ್ನ ಬರುತ್ತಾನೆ, ಮೂರಕ್ಕೂ ಬರುತ್ತಾನೆ, ಕೊನೆಗೆ ಐದಕ್ಕೂ ಬರುತ್ತಾನೆ. ಸಂಜೆ ಎಲ್ಲರಿಗೂ ಅದೇ ಪೂರ್ತಿ ಪಾವಲಿ. ನಸುಕಿನಿಂದ ದುಡಿದವರು ಜಗಳಕ್ಕೆ ನಿಂತದ್ದು ಸಹಜ, ನಾನಿದ್ದರೂ ನಿಲ್ಲುತ್ತಿದ್ದೆ. ಆದರೆ ನನ್ನ ಕಣ್ಣು ಹೋಗುವುದು ಆ ಕೊನೆಯವರ ಮೇಲೆ. ಐದು ಗಂಟೆಗೆ, ಇನ್ನೊಂದೇ ತಾಸು ಬೆಳಕಿರುವಾಗ ಯಜಮಾನ ಬಂದಾಗಲೂ ಅವರು ಮನೆಗೆ ಹೋಗಿರಲಿಲ್ಲ. ಇಡೀ ದಿನ ಯಾಕೆ ಸುಮ್ಮನೆ ನಿಂತಿರಿ ಎಂದು ಕೇಳಿದ. ನಮ್ಮನ್ನು ಯಾರೂ ಕರೆಯಲಿಲ್ಲ ಅಂದರು. ಅವನು ಅವರ ತೋಳು ನೋಡಲಿಲ್ಲ, ನಡೆಯಿರಿ ಅಂದ.