ಪೆಟ್ಟಿಗೆ ಮೇಲಿನ ವ್ಯಾಟು, ಒಳಗಿನ ವ್ಯಾಟು

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳು ಅಟ್ಟದಿಂದ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಇಳಿಸಿದಳು. ಧೂಳು ಒರೆಸಿ, ಸಾಲಾಗಿ ಜೋಡಿಸಿ, “ತಾತ, ಇವನ್ನು ಕೇಳೋಣ” ಎಂದಳು. ರೆಕಾರ್ಡ್ ಪ್ಲೇಯರ್ ತಿರುಗುತ್ತಿತ್ತು, ಸ್ಪೀಕರುಗಳೂ ಚೆನ್ನಾಗಿದ್ದವು. ನಡುವಿನ ಆಂಪ್ಲಿಫೈಯರ್ ಮಾತ್ರ ಕೆಟ್ಟು ಕೂತಿತ್ತು. ಪಿಂಚಣಿ ಹಣದಲ್ಲಿ ಆರು ಸಾವಿರ ತೆಗೆದುಕೊಂಡು ಇಬ್ಬರೂ ಪರಿಚಯದ ರಿಪೇರಿ ಅಂಗಡಿಗೆ ಹೋದೆವು.

ಅಲ್ಲಿ ಎರಡು ಪೆಟ್ಟಿಗೆಗಳಿದ್ದವು. ಒಂದು ಹೊಸದು, ಬಣ್ಣದ ದೀಪಗಳು ಮಿನುಗುತ್ತಿದ್ದವು. ಮೇಲೆ ದೊಡ್ಡದಾಗಿ “1000 ವ್ಯಾಟ್ ಪಿಎಂಪಿಒ” ಎಂದು ಬರೆದಿತ್ತು. ಬೆಲೆ ಐದು ಸಾವಿರ. ಇನ್ನೊಂದು ಯಾರೋ ಬಳಸಿ ಮಾರಿದ್ದ ಕಪ್ಪು ಸ್ಟೀರಿಯೊ ಆಂಪ್ಲಿಫೈಯರ್. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ “20+20 ವ್ಯಾಟ್” ಎಂದಿತ್ತು. ಬೆಲೆ ಆರು ಸಾವಿರ.

“ತಾತ, ಇದು ಇಪ್ಪತ್ತೈದು ಪಟ್ಟು ಜಾಸ್ತಿ, ದುಡ್ಡೂ ಕಮ್ಮಿ!” ಎಂದಳು ಮೊಮ್ಮಗಳು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅಂಗಡಿಯವರು ನಕ್ಕರು. “ಮಾತು ಯಾಕೆ ಮರಿ, ಪರೀಕ್ಷೆ ಮಾಡಿಯೇ ಬಿಡೋಣ. ಮೊದಲು ಆ ಹೊಸ ಪೆಟ್ಟಿಗೆಯ ಅಡಾಪ್ಟರ್ ಮೇಲೆ ಏನು ಬರೆದಿದೆ, ಓದು.”

“12 ವೋಲ್ಟ್, 2 ಆಂಪಿಯರ್.”

“ಗುಣಿಸು.”

“ಇಪ್ಪತ್ನಾಲ್ಕು ವ್ಯಾಟ್...” ಎಂದವಳು ತಕ್ಷಣ ತಲೆಯೆತ್ತಿದಳು. “ಒಳಗೆ ಹೋಗೋದೇ 24 ಆದರೆ, ಹೊರಗೆ 1000 ಎಲ್ಲಿಂದ ಬರುತ್ತೆ?”

ಮಕ್ಕಳೇ, ಈ ಒಂದು ಪ್ರಶ್ನೆ ಕೇಳುವುದಕ್ಕೆ ಯಾವ ಉಪಕರಣವೂ ಬೇಡ. ಪಿಎಂಪಿಒ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಿಗಬಹುದಾದ ಶಕ್ತಿಯ ಊಹೆ. ಅದನ್ನು ಹೀಗೆಯೇ ಅಳೆಯಬೇಕು ಎಂದು ಎಲ್ಲರೂ ಒಪ್ಪಿದ ಕಟ್ಟಳೆ ಇಲ್ಲ. ಹಾಗಾಗಿ ಬರೆಯುವವರ ಕೈಗೆ ಹಿಡಿತವೂ ಇಲ್ಲ.

ಎರಡು ನಲ್ಲಿ, ಒಂದೇ ತೊಟ್ಟಿ

ನಾವು ನೋಡಲು ಹೋದದ್ದು ‘ಇಂಟಿಗ್ರೇಟೆಡ್’ ಆಂಪ್ಲಿಫೈಯರ್. ಹಾಡು ಎಲ್ಲಿಂದ ಬರಬೇಕೆಂದು ಆರಿಸುವ ಗುಂಡಿ, ದನಿ ಏರಿಸಿ ಇಳಿಸುವ ಭಾಗ, ಸ್ಪೀಕರನ್ನು ದುಡಿಸುವ ಭಾಗ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ರೆಕಾರ್ಡಿನ ಮುಳ್ಳಿನಿಂದ ಬರುವ ವಿದ್ಯುತ್ತು ವೋಲ್ಟಿನ ಸಾವಿರದ ಕೆಲವೇ ಪಾಲು. ಅದು ಸ್ಪೀಕರನ್ನು ಅಲುಗಿಸುವಷ್ಟು ಬೆಳೆಯಬೇಕು, ಆದರೆ ಅದರ ರೂಪ ಕೆಡಬಾರದು. ಕೆಟ್ಟಿದೆಯೋ ಇಲ್ಲವೋ ಎಂದು ನೋಡುವುದೇ ಪರೀಕ್ಷೆ.

ಅಂಗಡಿಯವರು ಸ್ಪೀಕರುಗಳ ಜಾಗದಲ್ಲಿ 8 ಓಮ್‌ನ ಎರಡು ದಪ್ಪ ರೆಸಿಸ್ಟರ್‌ಗಳನ್ನು ಜೋಡಿಸಿದರು. ಅವು ಹಾಡುವುದಿಲ್ಲ, ಸುಮ್ಮನೆ ಬಿಸಿಯಾಗುತ್ತವೆ. ಸ್ಪೀಕರನ್ನೇ ಇಟ್ಟು ಪೂರ್ತಿ ಶಕ್ತಿ ಹರಿಸಿದ್ದರೆ ಅದೂ ಸುಡುತ್ತಿತ್ತು, ನಮ್ಮ ಕಿವಿಯೂ ಕೆಡುತ್ತಿತ್ತು. ಆಮೇಲೆ ಸೆಕೆಂಡಿಗೆ 1000 ಸಲ ಕಂಪಿಸುವ ಒಂದೇ ಸ್ವರವನ್ನು ಒಳಗೆ ಕಳಿಸಿದರು. ಆಸಿಲೋಸ್ಕೋಪಿನ ಪರದೆಯ ಮೇಲೆ ನುಣುಪಾದ ಗುಡ್ಡಗಳ ಸಾಲು ಮೂಡಿತು.

ವಾಲ್ಯೂಮ್ ಏರಿಸುತ್ತ ಹೋದಂತೆ ಗುಡ್ಡಗಳು ಎತ್ತರವಾದವು. ಒಂದು ಹಂತದಲ್ಲಿ ತುದಿಗಳು ಚಾಕುವಿನಿಂದ ಕೊಯ್ದ ಹಾಗೆ ಚಪ್ಪಟೆಯಾದವು. “ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಇಷ್ಟಕ್ಕೆ ಇದರ ಉಸಿರು ಮುಗೀತು” ಎಂದರು. ತುಸು ಇಳಿಸಿ, ಗುಡ್ಡ ಮತ್ತೆ ದುಂಡಗಾದಾಗ ಮೀಟರ್ ನೋಡಿದರು. 13.4 ವೋಲ್ಟ್. ವೋಲ್ಟನ್ನು ಅದರಿಂದಲೇ ಗುಣಿಸಿ 8ರಿಂದ ಭಾಗಿಸಿದರೆ ವ್ಯಾಟ್. ಮೊಮ್ಮಗಳು ರಟ್ಟಿನ ಚೂರಿನ ಮೇಲೆ ಲೆಕ್ಕ ಹಾಕಿದಳು: 22.4.

“ಇದು ಒಂದು ಬದಿ ಮಾತ್ರ. ಈಗ ಎರಡನ್ನೂ ಒಟ್ಟಿಗೆ ದುಡಿಸೋಣ” ಎಂದರು. ಎಡಕ್ಕೂ ಬಲಕ್ಕೂ ವಿದ್ಯುತ್ ಕೊಡುವ ಟ್ರಾನ್ಸ್‌ಫಾರ್ಮರ್ ಒಂದೇ. ತೊಟ್ಟಿ ಒಂದೇ ಇದ್ದು ಎರಡು ನಲ್ಲಿ ತೆರೆದರೆ ನೀರಿನ ರಭಸ ಕಡಿಮೆಯಾಗುವುದಿಲ್ಲವೇ, ಹಾಗೆ. ಈ ಸಲ 12.8 ವೋಲ್ಟ್ ಬಂತು. ಎಂದರೆ 20 ವ್ಯಾಟಿಗಿಂತ ತುಸು ಹೆಚ್ಚು. ಸಣ್ಣ ಅಕ್ಷರದವನು ನಿಜ ಹೇಳಿದ್ದ.

ಹೊಸ ಪೆಟ್ಟಿಗೆಗೆ ಅದರ ಸ್ಪೀಕರಿಗೆ ತಕ್ಕ 4 ಓಮ್ ರೆಸಿಸ್ಟರ್‌ಗಳನ್ನು ಜೋಡಿಸಿ ಇದೇ ಪರೀಕ್ಷೆ ಮಾಡಿದಾಗ 6 ವೋಲ್ಟ್ ಬಂತು, ಎಂದರೆ ಬದಿಗೆ 9 ವ್ಯಾಟ್. ನೆನಪಿಡಿ, 9 ವ್ಯಾಟ್ ಕೆಟ್ಟದ್ದೇನಲ್ಲ, ಸಣ್ಣ ಕೋಣೆಗೆ ಬೇಕಾದಷ್ಟಾಯಿತು. ಕೆಟ್ಟದ್ದು ಅದನ್ನು 1000 ಎಂದು ಬರೆದದ್ದು.

ಕಡಿಮೆ ಹೇಳಿ ಹೆಚ್ಚು ಕೊಟ್ಟ ಪೆಟ್ಟಿಗೆ

ವ್ಯಾಟಿನ ಈ ಬಡಾಯಿ ಇಂದು ನಿನ್ನೆಯದಲ್ಲ. ಅಮೆರಿಕದಲ್ಲೂ ಇದು ಮಿತಿ ಮೀರಿದಾಗ, 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಮೊದಲು ಒಂದು ಗಂಟೆ ಮೂರನೇ ಒಂದರಷ್ಟು ಶಕ್ತಿಯಲ್ಲಿ ದುಡಿಸಿ ಬಿಸಿ ಮಾಡಬೇಕಿತ್ತು, ಎರಡೂ ಬದಿ ಒಟ್ಟಿಗೆ ಓಡಬೇಕಿತ್ತು, ಸ್ವರ ಎಷ್ಟು ಕೆಡುತ್ತದೆ ಎಂಬುದನ್ನೂ ಹೇಳಬೇಕಿತ್ತು. ಆಮೇಲೆ ಬಂದ ಅಂಕಿಯನ್ನೇ ಜಾಹೀರಾತಿನಲ್ಲಿ ಹಾಕಬೇಕಿತ್ತು.

ನಾಲ್ಕು ವರ್ಷದ ನಂತರ, 1978ರಲ್ಲಿ, ಎನ್‌ಎಡಿ ಎಂಬ ಕಂಪನಿ 3020 ಎಂಬ ಅಗ್ಗದ ಆಂಪ್ಲಿಫೈಯರ್ ಹೊರತಂದಿತು. ವಿನ್ಯಾಸ ಮಾಡಿದವರು ನಾರ್ವೆಯ ಎರಿಕ್ ಎಡ್ವರ್ಡ್ಸನ್. ನೋಡಲು ತೀರಾ ಸಾದಾ. ಬರೆದಿದ್ದದ್ದು ಬದಿಗೆ ಕೇವಲ 20 ವ್ಯಾಟ್. ಆದರೆ ಸಂಗೀತ ಒಂದೇ ಸಮನೆ ಜೋರಾಗಿರುವುದಿಲ್ಲವಲ್ಲ? ಮೃದಂಗದ ಪೆಟ್ಟು ಬಿದ್ದ ಕ್ಷಣಕ್ಕೆ ಶಕ್ತಿ ಬೇಕು, ಮರುಕ್ಷಣ ಬೇಡ. ಅಂಥ ಕ್ಷಣಗಳಿಗೆ ಅದು ಸುಮಾರು ಎರಡರಷ್ಟು ಶಕ್ತಿ ಕೊಡುತ್ತಿತ್ತು. ಮಿತಿ ಮುಟ್ಟಿದಾಗ ಗುಡ್ಡದ ತುದಿ ಕೊಯ್ದಂತಾಗದೆ ಮೆಲ್ಲಗೆ ದುಂಡಗಾಗಲೆಂದು ಹಿಂಬದಿಯಲ್ಲಿ ‘ಸಾಫ್ಟ್ ಕ್ಲಿಪ್ಪಿಂಗ್’ ಎಂಬ ಗುಂಡಿಯನ್ನೂ ಇಟ್ಟಿದ್ದರು. ಕಡಿಮೆ ದುಡ್ಡಿನವರ ಆಂಪ್ಲಿಫೈಯರ್ ಎಂದರೆ ಇಂದಿಗೂ ಪ್ರಪಂಚದ ಸಂಗೀತಪ್ರಿಯರು ಅದರ ಹೆಸರು ಹೇಳುತ್ತಾರೆ.

ತಾತನಿಗೆ ಕೇಳದ ಸ್ವರ

ಮತ್ತೆ ಅಂಗಡಿಗೆ ಬರೋಣ. ಇನ್ನು ಕಿವಿಯ ಪರೀಕ್ಷೆ ಉಳಿದಿತ್ತು. ರೆಸಿಸ್ಟರ್ ತೆಗೆದು ಕಪ್ಪು ಪೆಟ್ಟಿಗೆಗೆ ಸ್ಪೀಕರ್ ಜೋಡಿಸಿ, ಮೆಲುದನಿಯಲ್ಲಿ ಸೆಕೆಂಡಿಗೆ 12,000 ಕಂಪನದ ಸ್ವರ ಬಿಟ್ಟರು.

“ಇನ್ನೂ ಶುರು ಮಾಡಿಲ್ವಾ?” ಎಂದೆ.

“ತಾತ! ಕಿವಿ ಚುಚ್ಚೋ ಹಾಗೆ ಕೇಳ್ತಿದೆ, ನಿಮಗೆ ಕೇಳಿಸ್ತಿಲ್ವಾ?”

ಇಲ್ಲ. ನನಗೆ ಅರವತ್ತೆಂಟು. ಅಂಗಡಿಯವರೂ ತಲೆಯಾಡಿಸಿ, “ನಂಗೂ ಅಷ್ಟಕ್ಕಷ್ಟೇ ಸಾರ್” ಎಂದರು. ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ ಸುಮಾರು 20,000 ಕಂಪನದವರೆಗೆ ಕೇಳಿಸುತ್ತದೆ. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಜಾರಿಹೋಗುತ್ತವೆ. ಗೊತ್ತಿದ್ದ ವಿಷಯವೇ. ಆದರೂ ಆ ನಿಶ್ಶಬ್ದದಲ್ಲಿ ಕೂತಾಗ ಮನಸ್ಸು ಒಂದು ಕ್ಷಣ ಪಿಚ್ಚೆಂದಿತು.

ಅಷ್ಟರಲ್ಲಿ ಮೊಮ್ಮಗಳು ಆ ಸ್ಪೀಕರಿಗೂ ಈ ಸ್ಪೀಕರಿಗೂ ಓಡಾಡಿ, “ಎಡಗಡೆ ಕಮ್ಮಿ ಇದೆ” ಎಂದಳು. ಸ್ಕೋಪ್ ಹಚ್ಚಿ ನೋಡಿದರೆ ನಿಜ, ಎಡಬದಿಯ ಗುಡ್ಡ ಬಲದ ಅರ್ಧದಷ್ಟೇ ಎತ್ತರವಿತ್ತು. ಅಷ್ಟು ಹೊತ್ತಿನ ಪರೀಕ್ಷೆಯಲ್ಲಿ ನಮಗಿಬ್ಬರಿಗೂ ಸಿಗದ ಕುಂದು ಎಂಟನೇ ಕ್ಲಾಸಿನವಳಿಗೆ ಸಿಕ್ಕಿತ್ತು.

ನನ್ನ ಪಾಲಿಗೂ ಒಂದು ಸಿಕ್ಕಿತು. ಎಲ್ಲ ನಿಲ್ಲಿಸಿ ವಾಲ್ಯೂಮ್ ತಿರುಗಿಸಿದಾಗ ಕೆಳಗಡೆ ‘ಗುಂ’ ಎಂಬ ಸಣ್ಣ ಮೊರೆತ. ಮಲಗುವ ಕೋಣೆಯ ಫ್ಯಾನಿನ ಸದ್ದು ನಲವತ್ತು ವರ್ಷ ಕೇಳಿದ ಕಿವಿ ಅದನ್ನು ಹಿಡಿಯಿತು. ಎರಡನ್ನೂ ಸರಿಪಡಿಸಿ, ಮೂರು ದಿನ ಬಿಟ್ಟು, ಹೇಳಿದ ಬೆಲೆಗೇ ಕೊಟ್ಟರು.

ಈಗ ಸಂಜೆ ತಟ್ಟೆ ತಿರುಗುತ್ತದೆ. ನಮ್ಮ ಹಜಾರದಲ್ಲಿ ಸಾಮಾನ್ಯವಾಗಿ ಖರ್ಚಾಗುವುದು ಒಂದು ವ್ಯಾಟಿಗೂ ಕಡಿಮೆ. ತಂಬೂರಿಯ ಮೇಲಿನ ಝೇಂಕಾರ ನನಗೆ ಎಷ್ಟು ತಪ್ಪುತ್ತಿದೆಯೋ ತಿಳಿಯದು. ಕೇಳಿದರೆ ಪಕ್ಕದಲ್ಲಿ ಕೂತವಳು ಹೇಳುತ್ತಾಳೆ.

ನೀವೂ ಪರೀಕ್ಷಿಸಿ

* ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ, ಪೆಟ್ಟಿಗೆ ಮೇಲಿನ ವ್ಯಾಟಿನೊಂದಿಗೆ ಹೋಲಿಸಿ.
* ಹಾಡು ನಿಲ್ಲಿಸಿ, ವಾಲ್ಯೂಮ್ ನಿಧಾನ ಏರಿಸಿ, ಮೊರೆತವಿದೆಯೇ ಆಲಿಸಿ. ಮತ್ತೆ ಪೂರ್ತಿ ಇಳಿಸಿದ ಮೇಲಷ್ಟೇ ಹಾಡು ಹಾಕಿ.
* ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ, ಆಮೇಲೆ ಬಲಕ್ಕೆ ತಿರುಗಿಸಿ. ಎರಡೂ ಕಡೆ ಒಂದೇ ಹಾಡಿನ ಸ್ಪಷ್ಟತೆ ಹೋಲಿಸಿ.
* ಮುಚ್ಚಳವನ್ನು ಮಾತ್ರ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.
* ಒಬ್ಬರೇ ಕೇಳಬೇಡಿ. ಮನೆಯ ಹಿರಿಯ ಕಿವಿಯನ್ನೂ ಕಿರಿಯ ಕಿವಿಯನ್ನೂ ಜೊತೆಗೆ ಕೂರಿಸಿಕೊಳ್ಳಿ.